ಕಟ್ಟುವುದಕ್ಕೆ ಸಿಗುವ ಹಣ ಕಾಯುವುದಕ್ಕೂ ಸಿಗಲಿ

ಸಣ್ಣ ರೈತರಿಗೆ ನೀರಾವರಿಯ ನೆರವು ಎಂದೊಡನೆ ಬಹುತೇಕರ ಕಣ್ಣಮುಂದೆ ಬರುವುದು ಹೊಸದಾಗಿ ಕಟ್ಟಿದ ಒಂದು ತಡೆ ಅಣೆ, ಒಂದು ಸಿಮೆಂಟ್ ಕಾಲುವೆ ಅಥವಾ ಒಂದು ಪಂಪ್‌ಸೆಟ್. ಕಟ್ಟಿದ್ದನ್ನು ಉದ್ಘಾಟಿಸಬಹುದು, ವರದಿಯಲ್ಲಿ ಅದರ ಚಿತ್ರ ಹಾಕಬಹುದು, ಇಷ್ಟು ಖರ್ಚಾಯಿತು ಎಂದು ಲೆಕ್ಕ ತೋರಿಸಬಹುದು. ಆದರೆ ಸಾಂಪ್ರದಾಯಿಕ ನೀರಾವರಿ ಪದ್ಧತಿಗಳು ನೂರಾರು ವರ್ಷ ಬಾಳಿದ್ದು ಕಟ್ಟಡದ ಗಟ್ಟಿತನದಿಂದ ಅಲ್ಲ. ಮಣ್ಣಿನ ಏರಿ, ಕಲ್ಲು ಮತ್ತು ಸೊಪ್ಪುಸದೆಯ ಒಡ್ಡು, ನೆಲದಲ್ಲಿ ತೋಡಿದ ಕಾಲುವೆ ಇವೆಲ್ಲವೂ ಪ್ರತಿ ಮಳೆಗಾಲದಲ್ಲಿ ಅಷ್ಟಿಷ್ಟು ಹಾಳಾಗುವಂಥವೇ. ಪ್ರತಿ ವರ್ಷವೂ ಜನ ಸೇರಿ ಹೂಳು ತೆಗೆದು, ಕೊರಕಲು ಮುಚ್ಚಿ, ಕುಸಿದ ಕಲ್ಲನ್ನು ಮತ್ತೆ ಕೂರಿಸಿದ್ದರಿಂದಲೇ ಅವು ಉಳಿದವು. ಆ ಜನ ಯಾಕೆ ಸೇರುತ್ತಿದ್ದರು, ಈಗ ಯಾಕೆ ಸೇರುತ್ತಿಲ್ಲ, ಮತ್ತೆ ಸೇರಬೇಕಾದರೆ ಅವರಿಗೆ ಏನು ಬೇಕು ಎಂಬ ಪ್ರಶ್ನೆಗಳನ್ನು ಕೇಳದೆ ಕೊಡುವ ನೆರವು ಹೆಚ್ಚು ಕಾಲ ನಿಲ್ಲುವುದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಸಣ್ಣ ರೈತರೆಂದರೆ ಕೃಷಿಯ ಅಂಚಿನಲ್ಲಿರುವ ಕೆಲವೇ ಮಂದಿಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿವೆ. ಅವುಗಳಲ್ಲಿ ಶೇ 84ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಒಟ್ಟು ಕೃಷಿ ಭೂಮಿಯಲ್ಲಿ ಅವುಗಳ ಪಾಲು ಶೇ 12ರಷ್ಟು ಮಾತ್ರ, ಆದರೆ ಜಗತ್ತಿನ ಆಹಾರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರುವುದು ಅಲ್ಲಿಂದಲೇ. ಇಷ್ಟು ಚಿಕ್ಕ ಹೊಲದಲ್ಲಿ ಒಂದು ಬದುವಿಗೆ ಬಿಟ್ಟುಕೊಡುವ ಮಾರು ಅಗಲದ ನೆಲವೂ ದೊಡ್ಡ ತ್ಯಾಗ, ಮನೆಯ ಇಬ್ಬರು ಒಂದು ವಾರ ಗುಂಡಿ ತೋಡಲು ಕಳೆದರೆ ಅದೂ ದೊಡ್ಡ ಹೂಡಿಕೆ. ದೊಡ್ಡ ಹಿಡುವಳಿಯ ಲೆಕ್ಕಾಚಾರವನ್ನು ಕುಗ್ಗಿಸಿ ಇಲ್ಲಿಗೆ ತಂದರೆ ಅದು ಹೊಂದುವುದಿಲ್ಲ.

ನೀರಿನ ಮಾತಿಗೆ ಮೊದಲು ಮಣ್ಣಿನ ಮಾತು ಬರಬೇಕು. ಒಂದು ಹೆಕ್ಟೇರ್ ಹೊಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. 50 ಮಿಲಿಮೀಟರಿನ ಒಂದು ಜೋರು ಮಳೆ 5 ಲಕ್ಷ ಲೀಟರ್ ತರುತ್ತದೆ. ಇಳಿಜಾರಿನ ಬರಿ ನೆಲದಲ್ಲಿ ಅದರ ಬಹುಭಾಗ ಇಂಗದೆ ಹರಿದುಹೋಗುತ್ತದೆ ಮತ್ತು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲ್ಮೈಯಿಂದ 1 ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಕಣ್ಣಿಗೆ ಏನೂ ಕಾಣಿಸುವುದಿಲ್ಲ, ಆದರೆ ಒಂದು ಹೆಕ್ಟೇರಿಗೆ ಅದು 10 ಘನ ಮೀಟರ್, ಅಂದರೆ ಹತ್ತು ಟನ್ನಿಗೂ ಹೆಚ್ಚು. ಅಷ್ಟು ಮೇಲ್ಮಣ್ಣು ಮತ್ತೆ ರೂಪುಗೊಳ್ಳಲು ದಶಕಗಳೇ ಬೇಕು. ಹಾಗೆ ಹೋದ ಮಣ್ಣು ಕೆಳಗಿನ ಕೆರೆಯಲ್ಲೋ ಕಾಲುವೆಯಲ್ಲೋ ಹೂಳಾಗಿ ಕೂರುತ್ತದೆ. ಮೇಲಿನ ಹೊಲ ಬಡವಾಗುವುದು, ಕೆಳಗಿನ ಕೆರೆ ಕಿರಿದಾಗುವುದು ಎರಡೂ ಒಂದೇ ಮಳೆಯಲ್ಲಿ ನಡೆಯುತ್ತವೆ. ಮಣ್ಣು ಸಂರಕ್ಷಣೆಗೆ ಒಂದು ಯೋಜನೆ, ನೀರಾವರಿಗೆ ಇನ್ನೊಂದು ಯೋಜನೆ ಎಂದು ಬೇರೆ ಬೇರೆ ಕಡತಗಳಲ್ಲಿ ಇಡುವುದು ಇದೇ ಕಾರಣಕ್ಕೆ ತಪ್ಪು.

ಹರಿಯುವ ನೀರಿನ ವೇಗವನ್ನು ಮುರಿಯುವುದು ಮೊದಲ ಕೆಲಸ. ಅದಕ್ಕೆ ಇಳಿಜಾರಿಗೆ ಅಡ್ಡಲಾಗಿ, ಎಲ್ಲ ಬಿಂದುಗಳೂ ಒಂದೇ ಮಟ್ಟದಲ್ಲಿರುವ ಸಮಪಾತಳಿ ರೇಖೆಯ ಮೇಲೆ ಬದು ಹಾಕಬೇಕು. ಆ ರೇಖೆಯನ್ನು ಗುರುತಿಸಲು ದುಬಾರಿ ಉಪಕರಣ ಬೇಕಾಗಿಲ್ಲ. ಎ-ಫ್ರೇಮ್ ಎಂದು ಕರೆಯುವ ಸಾಧನಕ್ಕೆ ಮೂರು ಕೋಲು, ಒಂದು ದಾರ, ಒಂದು ಕಲ್ಲು ಸಾಕು. ಎರಡು ಉದ್ದದ ಕೋಲುಗಳನ್ನು ತುದಿಯಲ್ಲಿ ಬಿಗಿದು ಕಾಲು ಅಗಲಿಸಿ ನಿಲ್ಲಿಸಬೇಕು, ನಡುವೆ ಒಂದು ಅಡ್ಡಪಟ್ಟಿ ಕಟ್ಟಬೇಕು, ತುದಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಬೇಕು. ನೆಲದಲ್ಲಿ ಎರಡು ಕಾಲುಗಳು ನಿಂತ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಹಾಯುವ ಕಡೆ ಒಂದು ಗುರುತು ಹಾಕಿ, ಅನಂತರ ಎಡಗಾಲಿದ್ದಲ್ಲಿ ಬಲಗಾಲು ಬರುವಂತೆ ತಿರುಗಿಸಿಟ್ಟು ಇನ್ನೊಂದು ಗುರುತು ಹಾಕಿದರೆ, ಆ ಎರಡು ಗುರುತುಗಳ ನಟ್ಟನಡುವೆ ದಾರ ನಿಂತಾಗ ಎರಡೂ ಕಾಲು ಸಮಮಟ್ಟದಲ್ಲಿವೆ ಎಂದರ್ಥ. ಅಲ್ಲಿಂದ ಮುಂದೆ ಒಂದು ಕಾಲನ್ನು ಊರಿ, ಇನ್ನೊಂದನ್ನು ದಾರ ನಡುಗುರುತಿಗೆ ಬರುವವರೆಗೆ ಹಿಂದೆ ಮುಂದೆ ಸರಿಸಿ, ಗೂಟ ಹೊಡೆಯುತ್ತ ಹೊಲದ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋದರೆ ರೇಖೆ ಸಿದ್ಧ. ಅಕ್ಷರ ಬಾರದವರೂ ಒಂದೇ ದಿನದಲ್ಲಿ ಕಲಿಯಬಹುದಾದ ವಿದ್ಯೆ ಇದು. 1980ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಯಾತೆಂಗ ಪ್ರಾಂತ್ಯದಲ್ಲಿ ಆಕ್ಸ್‌ಫಾಮ್ ಎಂಬ ನೆರವು ಸಂಸ್ಥೆ ರೈತರಿಗೆ ಕೊಟ್ಟದ್ದು ಇಂಥದೇ ಸರಳ ಸಾಧನವನ್ನು: ನೀರು ತುಂಬಿದ ಒಂದು ಪಾರದರ್ಶಕ ಕೊಳವೆ. ಅಲ್ಲಿನ ರೈತರು ಹಿಂದಿನಿಂದಲೂ ಹೊಲದಲ್ಲಿ ಕಲ್ಲಿನ ಸಾಲು ಜೋಡಿಸುತ್ತಿದ್ದರು. ಕಣ್ಣಂದಾಜಿನಲ್ಲಿ ಜೋಡಿಸಿದಾಗ ತಗ್ಗಿದ್ದ ಕಡೆ ನೀರು ನುಗ್ಗಿ ಸಾಲು ಒಡೆಯುತ್ತಿತ್ತು. ಕೊಳವೆಯ ನೆರವಿನಿಂದ ಮಟ್ಟ ಹಿಡಿದ ಮೇಲೆ ಅದೇ ಕಲ್ಲು, ಅದೇ ಕೈ, ಆದರೆ ನೀರು ಸಾಲಿನ ಉದ್ದಕ್ಕೂ ಹರಡಿ ನಿಂತು ಇಂಗತೊಡಗಿತು. ಜನರಲ್ಲಿ ಆಗಲೇ ಇದ್ದ ಅರಿವಿಗೆ, ಅದರಲ್ಲಿ ಕೊರತೆಯಿದ್ದ ಒಂದೇ ಒಂದು ಅಂಶವನ್ನು ಸೇರಿಸಿದ ಆ ನೆರವಿನ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ.

ಅದೇ ಪ್ರಾಂತ್ಯದ ರೈತ ಯಾಕುಬಾ ಸವಾದೊಗೊ ಅವರ ಕೆಲಸವೂ ಹೀಗೆಯೇ ಹಳೆಯದರಿಂದ ಹೊರಟದ್ದು. ಕಲ್ಲಿನಂತೆ ಗಟ್ಟಿಯಾದ ಬಂಜರು ನೆಲದಲ್ಲಿ ಚಿಕ್ಕ ಗುಂಡಿ ತೋಡಿ ಬೀಜ ಹಾಕುವ ‘ಝಾಯ್’ ಪದ್ಧತಿ ಅಲ್ಲಿ ಮೊದಲೇ ಇತ್ತು. 1980ರ ಆಸುಪಾಸಿನ ಬರಗಾಲದ ದಿನಗಳಲ್ಲಿ ಅವರು ಗುಂಡಿಗಳನ್ನು ಇನ್ನಷ್ಟು ಅಗಲ, ಇನ್ನಷ್ಟು ಆಳ ಮಾಡಿ, ಬೇಸಿಗೆಯಲ್ಲೇ ತೋಡಿಟ್ಟು, ಒಳಗೆ ಗೊಬ್ಬರ ಹಾಕಿದರು. ಗೊಬ್ಬರಕ್ಕೆ ಗೆದ್ದಲು ಬಂದವು. ಗೆದ್ದಲು ಕೊರೆದ ಸೂಕ್ಷ್ಮ ದಾರಿಗಳಲ್ಲಿ ಮೊದಲ ಮಳೆಯ ನೀರು ಒಳಗಿಳಿಯಿತು. ಬೆಳೆ ಬಂದ ಜಾಗದಲ್ಲಿ, ಗೊಬ್ಬರದೊಂದಿಗೆ ಬಂದ ಬೀಜಗಳಿಂದ ಮರಗಳೂ ಹುಟ್ಟಿದವು. ಆದರೆ ಈ ಕತೆ ಹೇಳುವವರು ಶ್ರಮದ ಲೆಕ್ಕವನ್ನು ಮರೆಯಬಾರದು. ಒಂದು ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಮಿಕ್ಕಿ ಗುಂಡಿ ತೋಡಬೇಕು, ಅದೂ ಬಿರುಬೇಸಿಗೆಯಲ್ಲಿ, ಗುದ್ದಲಿ ಹಿಡಿದು, ನೂರಾರು ಗಂಟೆ. ಗೊಬ್ಬರಕ್ಕೆ ದನ ಬೇಕು, ಹೊರಲು ಗಾಡಿ ಬೇಕು. ಕೈಯಲ್ಲಿ ಏನೂ ಇಲ್ಲದ ಕುಟುಂಬಕ್ಕೆ ಒಂದು ಹಾರೆ, ಒಂದು ತಳ್ಳುಗಾಡಿ, ಬೇಸಿಗೆಯ ಎರಡು ತಿಂಗಳ ಕಾಳು ಇವು ಸಿಕ್ಕರೆ ಅದಕ್ಕಿಂತ ಉಪಯುಕ್ತವಾದ ನೆರವು ಬೇರೊಂದಿಲ್ಲ.

ಹಾಗೆಂದು ಕೂಲಿ ಕೊಟ್ಟು ಬದು ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇಥಿಯೋಪಿಯಾ ಸಾಕ್ಷಿ. 1970 ಮತ್ತು 80ರ ದಶಕಗಳಲ್ಲಿ ಅಲ್ಲಿ ಕೂಲಿಗೆ ಕಾಳು ಯೋಜನೆಯಡಿ ಬೆಟ್ಟದ ಇಳಿಜಾರುಗಳಲ್ಲಿ ಅಪಾರ ಉದ್ದದ ಬದುಗಳನ್ನು ಹಾಕಿಸಲಾಯಿತು. 1991ರಲ್ಲಿ ಆಡಳಿತ ಬದಲಾದಾಗ ಹಲವು ಕಡೆ ರೈತರೇ ಅವುಗಳನ್ನು ಕಿತ್ತುಹಾಕಿದರು. ರೈತರಿಗೆ ಮಣ್ಣಿನ ಬೆಲೆ ಗೊತ್ತಿರಲಿಲ್ಲ ಎನ್ನುವುದು ಸುಲಭದ ಮಾತು ಮತ್ತು ಸುಳ್ಳು ಮಾತು. ಬದುಗಳು ಹತ್ತಿರ ಹತ್ತಿರ ಬಂದು ಜೋಡೆತ್ತಿನ ನೇಗಿಲು ತಿರುಗಿಸಲು ಜಾಗವಿರಲಿಲ್ಲ. ಉಳುವ ನೆಲ ಕಡಿಮೆಯಾಗಿತ್ತು. ಬದುವಿನಲ್ಲಿ ಇಲಿ ಸೇರಿ ಬೆಳೆ ತಿನ್ನುತ್ತಿದ್ದವು. ಎಲ್ಲಿ, ಎಷ್ಟು ಅಂತರದಲ್ಲಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಅದೇ ದೇಶದ ದಕ್ಷಿಣದಲ್ಲಿ ಕೊನ್ಸೊ ಜನರು ಒಣಗಲ್ಲಿನಿಂದ ಕಟ್ಟಿದ ಮೆಟ್ಟಿಲು ಹೊಲಗಳು 400ಕ್ಕೂ ಹೆಚ್ಚು ವರ್ಷಗಳಿಂದ, 21 ತಲೆಮಾರುಗಳಿಂದ ನಿಂತಿವೆ. 2011ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೀನ್ಯಾದ ಮಚಾಕೋಸ್ ಪ್ರದೇಶ ಕೂಡ ಇದನ್ನೇ ಹೇಳುತ್ತದೆ. ವಸಾಹತು ಆಡಳಿತ ಬಲವಂತವಾಗಿ ಹಾಕಿಸಿದ ಬದುಗಳನ್ನು ದ್ವೇಷಿಸಿದ ಅದೇ ರೈತರು, ಕಾಲುವೆ ತೋಡಿ ಅದರ ಮಣ್ಣನ್ನು ಮೇಲ್ಬದಿಗೆ ಎಸೆದು ಏರಿ ಮಾಡುವ ‘ಫನ್ಯಾ ಜೂ’ ವಿಧಾನವನ್ನು ತಾವಾಗಿ ಅಪ್ಪಿಕೊಂಡರು. 1930ರ ದಶಕದಲ್ಲಿ ಕೈಬಿಟ್ಟಂತೆಯೇ ಎಂದು ಅಧಿಕಾರಿಗಳು ಬರೆದಿದ್ದ ಆ ನೆಲ, ಜನಸಂಖ್ಯೆ ಐದು ಪಟ್ಟಿಗೂ ಹೆಚ್ಚಾದ ಮೇಲೆ ಮೊದಲಿಗಿಂತ ಹಸಿರಾಗಿತ್ತು. ಮಾರುಕಟ್ಟೆಗೆ ದಾರಿ ತೆರೆದಿತ್ತು, ಬೆಳೆಗೆ ಬೆಲೆಯಿತ್ತು, ಹಾಕಿದ ಶ್ರಮ ತಮಗೇ ಮರಳುತ್ತದೆಂಬ ಭರವಸೆಯಿತ್ತು.

ಇನ್ನು ಕಾಲುವೆಯ ನೀರಿಗೆ ಬರೋಣ. ಈ ಕುರಿತು ನಾನು ಓದಿದವುಗಳಲ್ಲಿ ನನ್ನ ಯೋಚನೆಯನ್ನೇ ತಿರುಗಿಸಿದ್ದು ನೇಪಾಳದ ಅಧ್ಯಯನಗಳು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಂಗಡಿಗರು ಅಲ್ಲಿನ ನೂರಕ್ಕೂ ಹೆಚ್ಚು ನೀರಾವರಿ ವ್ಯವಸ್ಥೆಗಳನ್ನು ಹೋಲಿಸಿ ನೋಡಿದರು. ಒಂದು ಕಡೆ ಸರ್ಕಾರ ಕಟ್ಟಿಸಿ ನಡೆಸುತ್ತಿದ್ದ, ಕಾಂಕ್ರೀಟಿನ ಅಣೆಯೂ ಗಾರೆ ಮಾಡಿದ ಕಾಲುವೆಯೂ ಇದ್ದ ವ್ಯವಸ್ಥೆಗಳು. ಇನ್ನೊಂದು ಕಡೆ ಕಲ್ಲು, ಮಣ್ಣು, ಮರದ ಕೊಂಬೆಗಳಿಂದ ರೈತರೇ ಕಟ್ಟಿ ನಡೆಸುತ್ತಿದ್ದವು. ಕೊನೆಭಾಗದ ಹೊಲಕ್ಕೆ ನೀರು ಮುಟ್ಟಿಸುವುದರಲ್ಲಿ ಒಟ್ಟಾರೆ ಮುಂದಿದ್ದದ್ದು ಎರಡನೆಯ ಬಗೆ. ಕಾರಣ ಹೀಗಿದೆ. ಕೊಂಬೆ ಮಣ್ಣಿನ ಒಡ್ಡು ಪ್ರತಿ ಪ್ರವಾಹಕ್ಕೂ ಕೊಚ್ಚಿಹೋಗುತ್ತದೆ, ಅದನ್ನು ಮತ್ತೆ ಕಟ್ಟಲು ಬಹಳ ಕೈಗಳು ಬೇಕು. ತೂಬಿನ ಪಕ್ಕದಲ್ಲೇ ಹೊಲವಿರುವ ರೈತನಿಗೂ ಕೊನೆಯಲ್ಲಿರುವ ರೈತನ ಕೈ ಬೇಕು. ನೀರು ಕೊಡದಿದ್ದರೆ ಆ ಕೈ ಮುಂದಿನ ವರ್ಷ ಬರುವುದಿಲ್ಲ. ಹೊರಗಿನವರು ಬಂದು ಕಾಂಕ್ರೀಟಿನ ಅಣೆ ಕಟ್ಟಿಕೊಟ್ಟಾಗ ರಿಪೇರಿಯ ಅಗತ್ಯ ಕಡಿಮೆಯಾಗುತ್ತದೆ, ಅದರೊಂದಿಗೆ ಕೊನೆಯವನ ಅಗತ್ಯವೂ ಕಡಿಮೆಯಾಗುತ್ತದೆ. ಮೇಲಿನವರು ಬೇಕಾದಷ್ಟು ನೀರು ತಿರುಗಿಸಿಕೊಳ್ಳುತ್ತಾರೆ. ಕಾಲುವೆ ಗಟ್ಟಿಯಾಯಿತು, ಆದರೆ ಹಂಚಿಕೊಳ್ಳಲು ಇದ್ದ ಕಾರಣವೇ ಇಲ್ಲವಾಯಿತು. ಕಾಂಕ್ರೀಟ್ ಬೇಡವೆಂದು ಇದರ ಅರ್ಥವಲ್ಲ, ಪ್ರತಿ ವರ್ಷ ಒಡ್ಡು ಕಟ್ಟುವ ಬವಣೆಯನ್ನು ಯಾರೂ ವೈಭವೀಕರಿಸಬಾರದು. ಅಣೆ ಕಟ್ಟುವ ಮೊದಲೇ ಕೊನೆಭಾಗದವರ ಪಾಲು ಎಷ್ಟು, ಸರದಿ ಯಾವುದು, ತಪ್ಪಿದವರಿಗೆ ದಂಡವೇನು ಎಂಬುದು ರೈತರ ನಡುವೆ ತೀರ್ಮಾನವಾಗಿ ಬರಹದಲ್ಲಿ ಇರಬೇಕೆಂದು ಅರ್ಥ.

ಪರಸ್ಪರರ ಅಗತ್ಯ ಎಷ್ಟು ಸೂಕ್ಷ್ಮವಾಗಿ ಹೆಣೆದುಕೊಂಡಿರಬಹುದು ಎಂಬುದನ್ನು ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಭತ್ತದ ರೈತರು ನೀರು ಹಂಚಿಕೊಳ್ಳಲು ಕಟ್ಟಿಕೊಂಡ ‘ಸುಬಕ್’ ಸಂಘಗಳಲ್ಲಿ ಕಾಣಬಹುದು. ಅಲ್ಲಿ ಮೇಲಿನ ಗದ್ದೆಯವರಿಗೆ ನೀರಿನ ಕೊರತೆಯಿಲ್ಲ, ಆದರೆ ಕೀಟದ ಭಯವಿದೆ. ಕೆಳಗಿನವರು ಬೇರೆ ಸಮಯದಲ್ಲಿ ಬೆಳೆ ಇಟ್ಟರೆ ಕೀಟಗಳು ಒಂದು ಗದ್ದೆಯಿಂದ ಇನ್ನೊಂದಕ್ಕೆ ದಾಟುತ್ತ ವರ್ಷವಿಡೀ ಬದುಕುತ್ತವೆ. ಎಲ್ಲರೂ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಬಿಡಬೇಕಾದರೆ ಮೇಲಿನವರು ನೀರು ಬಿಟ್ಟುಕೊಡಬೇಕು. 1970ರ ದಶಕದಲ್ಲಿ ಈ ಹೊಂದಾಣಿಕೆಯನ್ನು ಬದಿಗಿಟ್ಟು, ಆದಷ್ಟು ಹೆಚ್ಚು ಬೆಳೆ ತೆಗೆಯಿರೆಂದು ಸರ್ಕಾರ ಒತ್ತಾಯಿಸಿದ ಮೇಲೆ ನೀರಿನ ಗೊಂದಲವೂ ಕೀಟದ ಹಾವಳಿಯೂ ಒಟ್ಟಿಗೆ ಬಂದವು.

ದಕ್ಷಿಣ ಭಾರತದ ಕೆರೆಗಳಲ್ಲಿ ಈ ಹೆಣಿಗೆಯನ್ನು ಬಿಚ್ಚಿದ್ದು ಮುಖ್ಯವಾಗಿ ಪಂಪು. ತೂಬು ಎತ್ತಿ ಇಳಿಸಿ ಸರದಿಯಂತೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಅಚ್ಚುಕಟ್ಟಿನ ಪ್ರತಿ ರೈತನೂ ಕಾಳು ಅಳೆದು ಕೊಡುತ್ತಿದ್ದ. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು, ಹೊಲಕ್ಕೆ ಸತ್ವ ಸಿಗುತ್ತಿತ್ತು, ಕೆರೆಗೆ ಆಳ ಸಿಗುತ್ತಿತ್ತು. ಅಚ್ಚುಕಟ್ಟಿನಲ್ಲಿ ಬಾವಿ ತೋಡಿಸಿ ಪಂಪ್ ಹಾಕಿಸುವ ಶಕ್ತಿ ಇದ್ದವನಿಗೆ ತೂಬಿನ ನೀರಿನ ಸರದಿಯ ಹಂಗು ತಪ್ಪಿತು. ಅವನು ಕಾಲುವೆ ಕೆಲಸಕ್ಕೆ ಬರುವುದನ್ನು ಬಿಟ್ಟ, ನೀರುಗಂಟಿಯ ಪಾಲು ಕೊಡುವುದನ್ನು ಬಿಟ್ಟ. ಅವನ ಬಾವಿಗೆ ನೀರು ಬರುವುದು ಕೆರೆಯಿಂದ ಇಂಗಿದ್ದರಿಂದಲೇ ಆದರೂ ಅದು ಕಣ್ಣಿಗೆ ಕಾಣುವಂಥದಲ್ಲ. ಹೂಳು ಹೆಚ್ಚಿತು, ಪಂಪ್ ಹಾಕಿಸಲಾರದ ಸಣ್ಣ ರೈತ ಮಾತ್ರ ಒಣಗಿದ ತೂಬಿನ ಮುಂದೆ ಉಳಿದ. ಹೂಳೆತ್ತುವ ಯಂತ್ರವನ್ನು ತಂದು ಒಂದೇ ಬೇಸಿಗೆಯಲ್ಲಿ ಕೆರೆ ಬಗೆದು ಹೋಗುವುದರಿಂದ ಇದು ಸರಿಯಾಗುವುದಿಲ್ಲ. ಬಾವಿಯವರೂ ಕೆರೆಗೆ ಬಾಕಿಯಿದ್ದಾರೆ ಎಂಬುದನ್ನು ಒಪ್ಪಿಸಿ ಅವರಿಂದ ವಂತಿಗೆ ಪಡೆಯುವ ನಿಯಮವಿಲ್ಲದಿದ್ದರೆ, ಮೇಲಿನ ಜಲಾನಯನದಲ್ಲಿ ಬದುಗಳಿಲ್ಲದಿದ್ದರೆ, ತೆಗೆದ ಹೂಳು ಕೆಲವೇ ವರ್ಷಗಳಲ್ಲಿ ಮರಳಿ ಬಂದು ಕೂರುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆಯಿದೆ. ಕೆರೆಯ ಮೇಲಿನ ಇಳಿಜಾರಿನಲ್ಲಿ ಖುಷ್ಕಿ ಬೇಸಾಯ ಮಾಡುವವರಿಗೆ, ಕುರಿ ಮೇಕೆ ಮೇಯಿಸುವವರಿಗೆ ಕೆರೆಯಿಂದ ಒಂದು ಹನಿ ನೀರೂ ಸಿಗುವುದಿಲ್ಲ. ಕೆಳಗಿನವರ ಕೆರೆ ಹೂಳಿನಿಂದ ತುಂಬದಂತೆ ತಡೆಯಲು ಅವರು ಯಾಕೆ ದುಡಿಯಬೇಕು? ಹರಿಯಾಣದ ಶಿವಾಲಿಕ್ ತಪ್ಪಲಿನ ಸುಖೋಮಾಜ್ರಿ ಎಂಬ ಹಳ್ಳಿ 1970ರ ದಶಕದ ಕೊನೆಯಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಅತ್ಯಂತ ಪ್ರಾಮಾಣಿಕವೆನಿಸುತ್ತದೆ. ಚಂಡೀಗಡದ ಸುಖ್ನಾ ಸರೋವರಕ್ಕೆ ಹೂಳು ಬರುತ್ತಿದ್ದದ್ದು ಈ ಹಳ್ಳಿಯ ಬೋಳುಗುಡ್ಡಗಳಿಂದ. ಮಣ್ಣು ವಿಜ್ಞಾನಿ ಪಿ. ಆರ್. ಮಿಶ್ರಾ ಮತ್ತು ಸಂಗಡಿಗರು ಅಲ್ಲಿ ಚಿಕ್ಕ ಮಣ್ಣಿನ ಕಟ್ಟೆಗಳನ್ನು ಕಟ್ಟಿಸಿದರು. ಮೊದಲಿಗೆ ನೀರು ಸಿಕ್ಕಿದ್ದು ಹೊಲವಿದ್ದ ಕೆಲವರಿಗೆ ಮಾತ್ರ. ಉಳಿದವರು ಗುಡ್ಡದಲ್ಲಿ ದನ ಮೇಯಿಸುವುದನ್ನು ನಿಲ್ಲಿಸಲು ಕಾರಣವಿರಲಿಲ್ಲ. ಆಗ ಹೊಲವಿರಲಿ ಇಲ್ಲದಿರಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು ಎಂದು ತೀರ್ಮಾನವಾಯಿತು; ಭೂಮಿ ಇಲ್ಲದವರು ತಮ್ಮ ಪಾಲನ್ನು ಬೇರೆಯವರಿಗೆ ಮಾರಬಹುದಿತ್ತು. ಆ ಮೇಲೆ ಗುಡ್ಡಕ್ಕೆ ತಂತಿಬೇಲಿ ಬೇಕಾಗಲಿಲ್ಲ, ಊರವರೇ ಬೇಲಿಯಾದರು. ಗುಡ್ಡದಲ್ಲಿ ಹುಲ್ಲು ಬೆಳೆಯಿತು, ಅದರ ಆದಾಯ ಊರಿಗೆ ಬಂತು, ಸರೋವರಕ್ಕೆ ಹೋಗುವ ಹೂಳು ಇಳಿಯಿತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಆ ಕಟ್ಟೆಗಳು ಸಾಧಾರಣ; ಹಂಚಿಕೆಯ ಆ ಒಂದು ತೀರ್ಮಾನ ಅಸಾಧಾರಣ.

ಹಕ್ಕಿನ ಪ್ರಶ್ನೆ ನೀರಿಗಷ್ಟೇ ಸೀಮಿತವಲ್ಲ. ನೈಜರ್ ದೇಶದಲ್ಲಿ ಹಿಂದೆ ರೈತನ ಹೊಲದ ಮರವೂ ಸರ್ಕಾರದ್ದೇ ಆಗಿತ್ತು, ಹೀಗಾಗಿ ಚಿಗುರು ಕಂಡರೆ ಉಳುವಾಗಲೇ ಸವರಿಬಿಡುತ್ತಿದ್ದರು. 1980ರ ದಶಕದಲ್ಲಿ ಆ ಬಿಗಿ ಸಡಿಲವಾಗಿ, ಬುಡದ ಚಿಗುರುಗಳನ್ನು ಆರಿಸಿ ಸವರಿ ಬೆಳೆಸುವ ಸರಳ ವಿಧಾನವನ್ನು ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ಮತ್ತು ಅಲ್ಲಿನ ರೈತರು ಹರಡಿದ ಮೇಲೆ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಎದ್ದವು. 2018ರಲ್ಲಿ ರಿನಾಡೊ ಮತ್ತು ಸವಾದೊಗೊ ಇಬ್ಬರಿಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆದರೆ ಅದೇ ಸವಾದೊಗೊ ತಮ್ಮ ಕೈಯಾರೆ ಬೆಳೆಸಿದ ಕಾಡಿನ ಒಂದು ಭಾಗ ಊರು ವಿಸ್ತರಣೆಗೆ ಹೋಗುವುದನ್ನು ನೋಡಬೇಕಾಯಿತು. ನೆಲದ ಮೇಲೆ ಭದ್ರವಾದ ಹಕ್ಕಿಲ್ಲದಿದ್ದರೆ ಮಣ್ಣನ್ನು ಸುಧಾರಿಸಿದವನೇ ಅದನ್ನು ಕಳೆದುಕೊಳ್ಳುತ್ತಾನೆ. ಸುಧಾರಿಸಿದ ನೆಲಕ್ಕೆ ಬೆಲೆ ಬರುವುದೇ ಅದಕ್ಕೆ ಕಾರಣವಾಗಬಹುದು. ಗೇಣಿಗೆ ಮಾಡುವವರ ವಿಷಯದಲ್ಲಂತೂ ಇದು ದಿನನಿತ್ಯದ ಮಾತು. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವನಿಗೆ ಮೂರು ವರ್ಷದ ಬಳಿಕ ಫಲ ಕೊಡುವ ಬದು ಹಾಕೆನ್ನುವುದು ನ್ಯಾಯವಲ್ಲ. ಅವನಿಗೆ ಕನಿಷ್ಠ ಐದಾರು ವರ್ಷದ ಬರಹದ ಕರಾರು ಮಾಡಿಸಿಕೊಡುವುದೂ ಮಣ್ಣು ಸಂರಕ್ಷಣೆಯ ಕೆಲಸವೇ.

ನೆರವಿನ ಹಣ ಯಾವಾಗ ಬರುತ್ತದೆ ಎಂಬುದು ಎಷ್ಟು ಬರುತ್ತದೆ ಎಂಬಷ್ಟೇ ಮುಖ್ಯ. ಬದು, ಗುಂಡಿ, ಹೂಳು ಇವೆಲ್ಲ ಬೇಸಿಗೆಯ ಕೆಲಸ. ಮಂಜೂರಾತಿ ಮಳೆಗಾಲದ ನಡುವೆ ಬಂದರೆ ಕೆಲಸ ಕಾಗದದ ಮೇಲೆ ಮಾತ್ರ ಆಗುತ್ತದೆ. ಕಟ್ಟುವ ವರ್ಷಕ್ಕೆ ಹಣ ಕೊಟ್ಟು ಮರುವರ್ಷದಿಂದ ಕೈತೊಳೆದುಕೊಳ್ಳುವ ಬದಲು, ಅದರ ಒಂದು ಪಾಲನ್ನು ರೈತರ ಸಂಘದ ಹೆಸರಿನಲ್ಲಿ ಠೇವಣಿ ಇಟ್ಟು ಬಡ್ಡಿಯಿಂದ ವರ್ಷವರ್ಷದ ರಿಪೇರಿ ನಡೆಯುವಂತೆ ಮಾಡಬಹುದು. ಬದುವಿಗೆ ಹೋದ ನೆಲದ ನಷ್ಟ ತುಂಬಿಕೊಡಲು ಬದುವಿನ ಮೇಲೆ ಮೇವಿನ ಹುಲ್ಲು ಬೆಳೆಸಲು ನೆರವಾಗಬೇಕು. ಬರಿ ಮಣ್ಣಿನ ಬದು ಎರಡು ಮಳೆಗೆ ಕರಗುತ್ತದೆ, ಹುಲ್ಲಿನ ಬೇರು ಹಿಡಿದ ಬದು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತದೆ. ಲಾವಂಚದ ಬೇರು ಮೂರು ಮೀಟರಿನವರೆಗೂ ನೇರ ಕೆಳಗಿಳಿಯುವುದರಿಂದ ಪಕ್ಕದ ಬೆಳೆಗೆ ಅಷ್ಟಾಗಿ ತೊಂದರೆ ಕೊಡದೆ ಮಣ್ಣನ್ನು ಹಿಡಿಯುತ್ತದೆ, ಆದರೆ ದನಕ್ಕೆ ಎಳೆಯ ಗರಿ ಬಿಟ್ಟರೆ ರುಚಿಸುವುದಿಲ್ಲ. ಹಾಗಾಗಿ ಯಾವ ಹುಲ್ಲು ಎಂಬುದನ್ನು ಮನೆಯಲ್ಲಿ ದನಕ್ಕೆ ಮೇವು ಹಾಕುವವರನ್ನು ಕೇಳಿ ತೀರ್ಮಾನಿಸಬೇಕು.

ಮನೆಯಲ್ಲಿ ಮೇವು ಹಾಕುವವರು ಬಹುಪಾಲು ಹೆಂಗಸರು. ಗಂಡಸರು ದುಡಿಮೆಗೆ ನಗರಕ್ಕೆ ಹೋದ ಊರುಗಳಲ್ಲಿ ಗುಂಡಿ ತೋಡುವವರೂ, ಕಾಲುವೆಯ ಹೂಳು ಬಾಚುವವರೂ, ರಾತ್ರಿ ಸರದಿಯ ನೀರಿಗೆ ಕಾಯುವವರೂ ಅವರೇ. ಆದರೆ ನೀರು ಬಳಕೆದಾರರ ಸಂಘದ ಸದಸ್ಯತ್ವ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಸರದಿ ನಿಗದಿಯಾಗುವ ಸಭೆಯಲ್ಲಿ ಊರಲ್ಲಿಲ್ಲದ ಗಂಡನ ಹೆಸರಿರುತ್ತದೆ, ಹೊಲದಲ್ಲಿ ನಿಂತ ಹೆಂಡತಿಯ ಹೆಸರಿರುವುದಿಲ್ಲ. ಹಣ ಕೊಡುವ ಸಂಸ್ಥೆ ಈ ಒಂದು ನಿಯಮವನ್ನು ಬದಲಿಸಲು ಹಟ ಹಿಡಿಯಬಹುದು: ಭೂಮಿ ಯಾರ ಹೆಸರಿನಲ್ಲಿದ್ದರೂ ಆ ಹೊಲದಲ್ಲಿ ದುಡಿಯುವವರಿಗೆ, ಗೇಣಿದಾರರಿಗೂ ಸೇರಿ, ಸಂಘದಲ್ಲಿ ಮತ ಇರಬೇಕು. ಇದಕ್ಕೆ ಒಂದು ಮೂಟೆ ಸಿಮೆಂಟೂ ಬೇಕಾಗಿಲ್ಲ, ಮೊದಲ ಕಂತು ಬಿಡುಗಡೆಯಾಗುವ ಮುನ್ನವೇ ಬೈಲಾಗೆ ಒಂದು ತಿದ್ದುಪಡಿ ತಂದರೆ ಆಯಿತು.